ಸಂದರ್ಭಕ್ಕೆ ಸಾಕು, ಸ್ವಾರಸ್ಯಕ್ಕೆ ಸಾಲದು: ಹತ್ತನೆಯ ತರಗತಿಯ ಒಂದು ಕನ್ನಡ ಗೈಡ್

ಮಗಳು ಹತ್ತನೆಯ ತರಗತಿಗೆ ಬಂದ ವರ್ಷ ಪ್ರಥಮ ಭಾಷೆ ಕನ್ನಡಕ್ಕೆಂದು ಊರಿನ ಪುಸ್ತಕದಂಗಡಿಯಲ್ಲಿ 180 ರೂಪಾಯಿ ಕೊಟ್ಟು ಒಂದು ಗೈಡ್ ತಂದೆ. ವರ್ಷವಿಡೀ ಅದನ್ನು ಅವಳ ಜೊತೆ ಕುಳಿತು ಓದಿದ್ದೇನೆ. ಇಂಥ ಪುಸ್ತಕಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನಲ್ಲಿರುವುದರಿಂದ ಪ್ರಕಾಶಕರ ಹೆಸರು ಹೇಳುವ ಅಗತ್ಯ ಕಾಣುವುದಿಲ್ಲ.

ಹಳಗನ್ನಡ ಪದ್ಯಗಳ ಪದವಿಭಾಗ, ಅರ್ಥ, ಸಾರಾಂಶ ಮೂರೂ ಅಚ್ಚುಕಟ್ಟಾಗಿವೆ. ಱ, ೞ ಅಕ್ಷರಗಳನ್ನು ತಪ್ಪಿಲ್ಲದೆ ಅಚ್ಚು ಮಾಡಿದ್ದಾರೆ. ತೊಡಕಿರುವುದು ‘ಸಂದರ್ಭದೊಡನೆ ಸ್ವಾರಸ್ಯ ವಿವರಿಸಿ’ ಎಂಬ ಭಾಗದಲ್ಲಿ. ಪಾತ್ರವೊಂದರ ಮಾತನ್ನು ಬಿಡಿಸಿ ನೋಡುವುದನ್ನು ಮಕ್ಕಳು ಕಲಿಯಬೇಕಾದದ್ದು ಅಲ್ಲಿಯೇ.

ರನ್ನನ ‘ಗದಾಯುದ್ಧ’ದ ಪದ್ಯವನ್ನೇ ತೆಗೆದುಕೊಳ್ಳೋಣ. ಶರಶಯ್ಯೆಯಲ್ಲಿರುವ ಭೀಷ್ಮ ಸಂಧಿ ಮಾಡಿಕೊಳ್ಳೆಂದಾಗ ದುರ್ಯೋಧನ ಕೊಡುವ ಉತ್ತರ ಇದು:

ನೆಲಕಿಱಿವೆನೆಂದು ಬಗೆದಿರೆ
ಚಲಕಿಱಿವೆಂ ಪಾಂಡುಸುತರೊಳೀ ನೆಲನಿದು ಪಾೞ್
ನೆಲನೆನಗೆ ದಿನಪಸುತನಂ
ಕೊಲಿಸಿದ ನೆಲನೊಡನೆ ಮತ್ತೆ ಪುದುವಾೞ್ದಪೆನೇ

ನೆಲಕ್ಕಾಗಿ ಹೋರಾಡುತ್ತೇನೆಂದು ಬಗೆದಿರಾ, ಪಾಂಡವರೊಡನೆ ನಾನು ಹೋರಾಡುವುದು ಛಲಕ್ಕಾಗಿ; ಈ ನೆಲ ನನಗೆ ಪಾಳುನೆಲ; ಸೂರ್ಯನ ಮಗ ಕರ್ಣನನ್ನು ಕೊಲ್ಲಿಸಿದ ನೆಲದೊಡನೆ ಮತ್ತೆ ಕೂಡಿ ಬಾಳುವೆನೇ ಎಂಬುದು ಇದರ ಅರ್ಥ. ಆಯ್ಕೆ, ಸಂದರ್ಭ ಎಂಬ ಮೊದಲೆರಡು ತಲೆಬರಹಗಳ ಕೆಳಗೆ ಗೈಡ್ ಹೇಳಿದ್ದೆಲ್ಲ ಸರಿಯಾಗಿದೆ. ಸ್ವಾರಸ್ಯಕ್ಕೆ ಬಂದಾಗ ಮಾತ್ರ, ದುರ್ಯೋಧನನ ಛಲವೂ ಕರ್ಣನ ಮೇಲಿನ ಸ್ನೇಹವೂ ಸೊಗಸಾಗಿ ವ್ಯಕ್ತವಾಗಿವೆ ಎಂಬ ಒಂದೇ ವಾಕ್ಯದಲ್ಲಿ ಮುಗಿಸಿಬಿಡುತ್ತದೆ. ಹೆಚ್ಚುಕಡಿಮೆ ಅದೇ ವಾಕ್ಯವನ್ನು, ಪಾತ್ರದ ಹೆಸರನ್ನಷ್ಟೇ ಬದಲಿಸಿ, ಬೇರೆ ಪದ್ಯಗಳಿಗೂ ಹಚ್ಚಿದ್ದಾರೆ. ಛಲವೆಂಬುದನ್ನು ದುರ್ಯೋಧನ ತಾನೇ ಬಾಯಿಬಿಟ್ಟು ಹೇಳಿರುವಾಗ ಅದನ್ನೇ ತಿರುಗಿ ಬರೆದರೆ ವಿವರಣೆ ಎನಿಸುತ್ತದೆಯೇ?

ಆ ಸಂಜೆ ಗೈಡನ್ನು ಮುಚ್ಚಿಟ್ಟು, ಪದ್ಯದಲ್ಲಿ ‘ನೆಲ’ ಎಷ್ಟು ಸಲ ಬಂದಿದೆ ಎಣಿಸು ಎಂದು ಮಗಳಿಗೆ ಹೇಳಿದೆ. ನಾಲ್ಕು ಸಲ ಎಂದಳು. ಮೊದಲ ಸಲ ಅದು ಯುದ್ಧದಿಂದ ಪಡೆಯುವ ರಾಜ್ಯ, ಆಮೇಲೆ ಕಣ್ಣೆದುರಿನ ‘ಈ ನೆಲ’, ಮರುಗಳಿಗೆಗೆ ಪಾಳುನೆಲ, ಕೊನೆಗೆ ಗೆಳೆಯನ ಸಾವಿಗೆ ಕಾರಣವಾದ ನೆಲ. ‘ಕೊಂದ’ ಎನ್ನದೆ ‘ಕೊಲಿಸಿದ’ ಎಂದದ್ದೇಕೆ ಎಂದು ಕೇಳಿದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಪ್ಪಾ, ರಥದ ಚಕ್ರ ನುಂಗಿದ್ದು ಭೂಮಿಯೇ ಅಲ್ಲವಾ?’ ಎಂದಳು. ಬಾಣ ಬಿಟ್ಟವನು ಅರ್ಜುನನಾದರೂ ದುರ್ಯೋಧನನ ದೃಷ್ಟಿಯಲ್ಲಿ ಕೊಲ್ಲಿಸಿದ್ದು ನೆಲ. ‘ಪುದುವಾೞ್’ ಎಂದರೆ ಕೂಡಿ ಬಾಳುವುದು. ಅಂಥ ನೆಲವನ್ನು ಆಳುವುದಿರಲಿ, ಅದರ ಜೊತೆ ಬಾಳುವುದೇ ಅವನಿಗೆ ಆಗದ ಮಾತು. ಇದು ಕಂದಪದ್ಯವಾದ್ದರಿಂದ ನಾಲ್ಕೂ ಪಾದಗಳ ಎರಡನೆಯ ಅಕ್ಷರ ಪ್ರಾಸವಾಗಿದ್ದು, ‘ನೆಲ’, ‘ಚಲ’, ‘ಕೊಲಿಸು’ ಮೂರೂ ಲಕಾರದ ಒಂದೇ ದಾರದಲ್ಲಿ ಪೋಣಿಸಿಕೊಂಡಿವೆ. ಇಷ್ಟಾದ ಮೇಲೆ ಛಲ, ಸ್ನೇಹ ಎಂದು ಬರೆದರೆ ಆ ಶಬ್ದಗಳಿಗೆ ಆಧಾರವಿರುತ್ತದೆ.

ಗೈಡ್ ಕೇಳದ ಇನ್ನೊಂದು ಪ್ರಶ್ನೆಯೂ ಇದೆ. ರನ್ನ ತನ್ನ ಆಶ್ರಯದಾತ ಸತ್ಯಾಶ್ರಯನನ್ನು ಭೀಮನಿಗೆ ಸಮೀಕರಿಸಿ ಈ ಕಾವ್ಯ ಬರೆದವನು. ‘ಸಾಹಸಭೀಮ ವಿಜಯ’ ಎಂಬ ಹೆಸರೂ ಇದಕ್ಕುಂಟು. ಆ ರಾಜನ ಬಿರುದು ‘ಇಱಿವಬೆಡಂಗ’. ಅದರಲ್ಲಿರುವ ‘ಇಱಿ’ (ಹೋರಾಡು) ಧಾತುವೇ ಇಲ್ಲಿ ಎರಡು ಸಲ ಭೀಮನ ವೈರಿಯ ಬಾಯಲ್ಲಿ ಬಂದಿದೆ. ನಾಯಕನ ಎದುರಾಳಿಗೆ ಇಷ್ಟು ತೂಕದ ಮಾತನ್ನು ಕವಿ ಏಕೆ ಕೊಟ್ಟ ಎಂದು ಹದಿನೈದರ ಮಕ್ಕಳೂ ಯೋಚಿಸಬಲ್ಲರು. ನನ್ನ ಮಗಳು ಊಟದ ಹೊತ್ತಿನಲ್ಲೂ ಅದನ್ನೇ ಮಾತಾಡಿದಳು.

ಪದದ ಅರ್ಥಕ್ಕಾಗಿ, ಸಂದರ್ಭ ನೆನಪಿಟ್ಟುಕೊಳ್ಳುವುದಕ್ಕಾಗಿ ಈ ಗೈಡನ್ನು ಧಾರಾಳವಾಗಿ ಕೊಳ್ಳಬಹುದು. ಸ್ವಾರಸ್ಯದ ಉತ್ತರವನ್ನು ಮಾತ್ರ ಬಾಯಿಪಾಠ ಮಾಡಿಸಬೇಡಿ. ಮರುಮುದ್ರಣದಲ್ಲಿ ಆ ಸಿದ್ಧ ವಾಕ್ಯವನ್ನು ತೆಗೆದು, ಪ್ರತಿ ಪದ್ಯದ ಕೆಳಗೆ ‘ಈ ಪದವೇ ಏಕೆ?’ ಎಂಬ ಒಂದು ಪ್ರಶ್ನೆಯನ್ನೂ ಬರೆಯಲು ನಾಲ್ಕು ಖಾಲಿ ಗೆರೆಗಳನ್ನೂ ಕೊಟ್ಟರೆ ನಾನು ಇನ್ನೊಂದು ಪ್ರತಿ ಕೊಳ್ಳುತ್ತೇನೆ. ಮುಂದಿನ ವರ್ಷ ಮಗನ ಸರದಿ.