ಸ್ಕ್ಲೀರಲ್ ಲೆನ್ಸ್: ಮಧ್ಯಾಹ್ನದ ಮಂಜಿನದೇ ತಕರಾರು

ದಾನಿಯ ಅಸ್ಥಿಮಜ್ಜೆ ಪಡೆದವರಿಗೆ ಜಿವಿಎಚ್‌ಡಿ (ದಾನಿಯ ರೋಗನಿರೋಧಕ ಕೋಶಗಳು ಪಡೆದವರ ದೇಹದ ಮೇಲೇ ಎರಗುವ ಕಾಯಿಲೆ) ಕಣ್ಣಿಗೂ ಬಂದರೆ ಪಾಡೇನು ಎಂಬುದು ಇದನ್ನು ಓದುತ್ತಿರುವವರಿಗೆ ಗೊತ್ತೇ ಇರುತ್ತದೆ. ಕಣ್ಣೀರಿನ ಗ್ರಂಥಿಯಲ್ಲಿ ಒಮ್ಮೆ ಗಾಯದ ಕಲೆ ಕಟ್ಟಿದರೆ ಕಣ್ಣು ಒಣಗುತ್ತದೆ, ಗ್ರಂಥಿ ಮೊದಲಿನಂತಾಗುವುದು ಕಷ್ಟ. ಗಂಟೆಗೊಮ್ಮೆ ಡ್ರಾಪ್ಸ್, ಕಣ್ಣೀರು ಹರಿದುಹೋಗುವ ರಂಧ್ರ ಮುಚ್ಚುವ ಪಂಕ್ಟಲ್ ಪ್ಲಗ್, ಉರಿಯೂತ ತಗ್ಗಿಸುವ ಸೈಕ್ಲೋಸ್ಪೊರಿನ್, ರಕ್ತದಿಂದ ಮಾಡುವ ಸೀರಮ್ ಡ್ರಾಪ್ಸ್ ಎಲ್ಲ ಆದಮೇಲೂ ಕಣ್ಣಿಗೆ ಮರಳು ಬಿದ್ದ ಹಾಗಿದ್ದರೆ ಸ್ಕ್ಲೀರಲ್ ಲೆನ್ಸ್ ಬಗ್ಗೆ ವೈದ್ಯರನ್ನು ಕೇಳಲೇಬೇಕು.

ಕಾರಣ ಸರಳ. ಸಾಮಾನ್ಯ ಲೆನ್ಸ್ ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಮೇಲೆ ಕೂರುತ್ತದೆ. ಇದು ಕಣ್ಣಿನ ಬಿಳಿ ಭಾಗದ ಮೇಲೆ ಕೂತು, ಕಾರ್ನಿಯಾಗೂ ತನಗೂ ನಡುವೆ ಸಲೈನ್ (ಉಪ್ಪುನೀರಿನ ದ್ರಾವಣ) ಹಿಡಿದಿಟ್ಟುಕೊಳ್ಳುತ್ತದೆ. ರೆಪ್ಪೆ ಉಜ್ಜುವುದು ಲೆನ್ಸನ್ನೇ ಹೊರತು ಕಾರ್ನಿಯಾವನ್ನಲ್ಲ. ಫ್ಯಾನ್ ಕೆಳಗೆ ಕೂರಬಹುದು, ಬಸ್ಸಿನ ಕಿಟಕಿ ಪಕ್ಕವೂ ಕೂರಬಹುದು. ಈರುಳ್ಳಿ ಹೆಚ್ಚಿದರೂ ಉರಿ ಅಷ್ಟಾಗಿ ಕಾಡುವುದಿಲ್ಲ. ಇಷ್ಟು ಸಾಕು, ಜೀವ ತಣ್ಣಗಾಗುತ್ತದೆ.

ಹಾಕುವ ಕ್ರಮ ಕೈಗೆ ಹತ್ತಲು ಕೆಲವು ವಾರ ಬೇಕು. ಸೋಪಿನಲ್ಲಿ ಕೈ ತೊಳೆದು, ನೂಲು ಬಿಡದ ಬಟ್ಟೆಯಲ್ಲಿ ಒರೆಸಿ. ಲೆನ್ಸನ್ನು ದೊಡ್ಡ ಪ್ಲಂಜರ್ (ಲೆನ್ಸ್ ಹಿಡಿಯುವ ರಬ್ಬರ್ ಬಟ್ಟಲು) ಮೇಲಿಟ್ಟು, ಪ್ರಿಸರ್ವೇಟಿವ್ (ಕೆಡದಂತೆ ಹಾಕುವ ರಾಸಾಯನಿಕ) ಇಲ್ಲದ 0.9% ಸಲೈನ್ ಅನ್ನು ಅಂಚು ಮೀರಿ ಉಬ್ಬುವಷ್ಟು ತುಂಬಿ. ಮೇಜಿನ ಮೇಲೆ ಕನ್ನಡಿ ಮಲಗಿಸಿ, ಮುಖ ಪೂರ್ತಿ ನೆಲಕ್ಕೆ ಮಾಡಿ, ಎರಡೂ ರೆಪ್ಪೆ ಅಗಲಿಸಿ ಲೆನ್ಸನ್ನು ನೇರ ಮೇಲಕ್ಕೆ ತನ್ನಿ. ತಲೆ ಸ್ವಲ್ಪ ಓರೆಯಾದರೂ ನೀರು ಚೆಲ್ಲಿ ಒಳಗೆ ಗುಳ್ಳೆ ಉಳಿಯುತ್ತದೆ. ಗುಳ್ಳೆ ಕಂಡರೆ ತೆಗೆದು ಮತ್ತೆ ಹಾಕಿ, ಏಕೆಂದರೆ ಗುಳ್ಳೆ ನಿಂತ ಜಾಗದಲ್ಲಿ ಕಾರ್ನಿಯಾ ಒಣಗುತ್ತದೆ. ತೆಗೆಯುವಾಗ ಚಿಕ್ಕ ಪ್ಲಂಜರನ್ನು ಒದ್ದೆ ಮಾಡಿ ಕೆಳಗಿನ ಅಂಚಿಗೆ ಅಂಟಿಸಿ. ನಡುವಿಗೆ ಅಂಟಿಸಿ ಎಳೆದರೆ ಕಾರ್ನಿಯಾಗೆ ಪೆಟ್ಟು.

ಇಲ್ಲಿಯವರೆಗೆ ಹೊಗಳಿಕೆ. ಮಾರುವವರು ಬಾಯಿಬಿಡದ ವಿಷಯವೆಂದರೆ ಮಂಜು. ಬೆಳಗ್ಗೆ ಕನ್ನಡಿಯಷ್ಟು ಸ್ಪಷ್ಟವಿದ್ದ ನೋಟ ಹಲವರಿಗೆ ಕೆಲವು ಗಂಟೆಗಳಲ್ಲಿ ಮಸುಕಾಗುತ್ತದೆ. ಕಣ್ಣಿನ ಲೋಳೆ, ಜಿಡ್ಡು, ಉರಿಯೂತದ ಕೋಶಗಳು ಅಂಚಿನಿಂದ ಒಳನುಸುಳಿ ಸಲೈನ್‌ನಲ್ಲಿ ಸೇರುತ್ತವೆ. ಜಿವಿಎಚ್‌ಡಿ ಕಣ್ಣಲ್ಲಿ ಉರಿಯೂತವೇ ಹೆಚ್ಚು, ಹಾಗಾಗಿ ಮಂಜೂ ಹೆಚ್ಚು. ಮೊದಲು ಸಲೈನ್‌ನಲ್ಲಿ ನೆನೆಸಿದ ಪ್ಲಂಜರ್ ತುದಿಯಿಂದ ಲೆನ್ಸಿನ ಹೊರಮೈ ಒರೆಸಿ ನೋಡಿ. ನೋಟ ತಿಳಿಯಾದರೆ ಕೊಳೆ ಹೊರಗಿದೆ. ಆಗದಿದ್ದರೆ ಒಳಗೆ, ತೆಗೆದು, ತೊಳೆದು, ಹೊಸ ಸಲೈನ್ ತುಂಬುವುದೊಂದೇ ದಾರಿ.

ಕಡಿಮೆ ಮಾಡಲು ಮಾತ್ರ ಮಾರ್ಗಗಳಿವೆ. ಬೆಳಗ್ಗೆ 10 ನಿಮಿಷ ಬಿಸಿ ಬಟ್ಟೆಯ ಶಾಖ ಕೊಟ್ಟು ರೆಪ್ಪೆಯಂಚು ಶುಚಿ ಮಾಡಿ. ಸಲೈನ್ ಜೊತೆ ಪ್ರಿಸರ್ವೇಟಿವ್ ಇಲ್ಲದ ಗಟ್ಟಿ ಕಾರ್ಬಾಕ್ಸಿಮಿಥೈಲ್ ಸೆಲ್ಯುಲೋಸ್ (ಒಂದು ಬಗೆಯ ಕೃತಕ ಕಣ್ಣೀರು) ಹನಿ ಸೇರಿಸಿದರೆ ಕೆಲವರಿಗೆ ಅನುಕೂಲ. ವೈದ್ಯರನ್ನು ಕೇಳಿ ಮಾಡಿ. ಎಲ್ಲಕ್ಕಿಂತ ಮುಖ್ಯ ಅಳತೆ. ಲೆನ್ಸ್ ಹಾಕಿದ ಮೇಲೆ ಗಂಟೆಗಟ್ಟಲೆ ನಿಧಾನವಾಗಿ ಕಣ್ಣಿಗೆ ಇನ್ನಷ್ಟು ಹತ್ತಿರ ಇಳಿದು ಕೂರುತ್ತದೆ. ಹಾಗಾಗಿ ತಪಾಸಣೆಗೆ ಹೋಗುವಾಗ ಕಡಿಮೆಯೆಂದರೆ 4 ಗಂಟೆ ಹಾಕಿಕೊಂಡೇ ಹೋಗಿ, ಮಂಜು ಕವಿದ ಕಣ್ಣನ್ನೇ ತೋರಿಸಿ. ಅಂಚು ಸಡಿಲವೋ, ನಡುವಿನ ಅಂತರ ಹೆಚ್ಚೋ ಎಂಬುದು ಆಗ ಕಾಣುತ್ತದೆ.

ಖರ್ಚಿನ ಲೆಕ್ಕ ಹಾಕುವಾಗ ಲೆನ್ಸಿನ ಬೆಲೆಯನ್ನಷ್ಟೇ ನೋಡಬೇಡಿ. ಎರಡೂ ಕಣ್ಣಿಗೆ ಒಮ್ಮೆಗೆ ಒಂದು 5 ಮಿ.ಲೀ. ಸಲೈನ್ ವಯಲ್ ಎಂದಿಟ್ಟುಕೊಂಡರೆ ತಿಂಗಳಿಗೆ 30. ಮಧ್ಯಾಹ್ನ ಮತ್ತೆ ತುಂಬಿದರೆ 60. ಇದನ್ನು ಉಳಿಸಲು ದೊಡ್ಡ ಡ್ರಿಪ್ ಬಾಟಲಿ ತೆರೆದಿಟ್ಟು ದಿನಗಟ್ಟಲೆ ಬಳಸುವವರಿದ್ದಾರೆ, ಬೇಡ. ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧಿ ತೆಗೆದುಕೊಳ್ಳುವವರಿಗೆ ಕಣ್ಣಿನ ಸೋಂಕು ಬೇಗ ಏರಬಹುದು. ನಲ್ಲಿ ನೀರಂತೂ ಲೆನ್ಸಿಗೂ ಡಬ್ಬಿಗೂ ಸೋಕಲೇಬಾರದು, ಅಕಾಂತಮೀಬಾ ಎಂಬ ಜೀವಿ ಅದರಲ್ಲಿರಬಹುದು. ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಶುಚಿ ಮಾಡುವುದಾದರೆ ಅದರ ಜೊತೆ ಬರುವ ಡಬ್ಬಿಯಲ್ಲೇ ಇಟ್ಟು, ಪ್ಯಾಕೆಟ್ಟಿನಲ್ಲಿ ಬರೆದಷ್ಟು ಹೊತ್ತು, ಸಾಮಾನ್ಯವಾಗಿ 6 ಗಂಟೆ, ಬಿಡಿ. ಅವಸರಪಟ್ಟರೆ ಕಣ್ಣು ಸುಡುತ್ತದೆ.

ಮಂಜಿನ ತಕರಾರು ಇದ್ದೂ ಈ ಲೆನ್ಸನ್ನು ಬಿಡಿ ಎನ್ನಲಾರೆ. ಸಲೈನ್ ವಯಲ್, ಎರಡೂ ಪ್ಲಂಜರ್, ಕನ್ನಡಿ ಇವಿಷ್ಟು ಚೀಲದಲ್ಲಿದ್ದರೆ ಮಧ್ಯಾಹ್ನವೂ ಸಾಗುತ್ತದೆ. ನಿದ್ದೆಗೆ ಮುನ್ನ ತೆಗೆಯಲೇಬೇಕು. ನೋವು, ಕೆಂಪು, ಬೆಳಕು ಚುಚ್ಚುವುದು, ತೊಳೆದು ಹಾಕಿದರೂ ಹೋಗದ ಮಸುಕು ಇವುಗಳಲ್ಲಿ ಯಾವುದಿದ್ದರೂ ಲೆನ್ಸ್ ತೆಗೆದು ಅದೇ ದಿನ ಕಣ್ಣಿನ ವೈದ್ಯರಲ್ಲಿ ಹೋಗಿ, ಕಸಿಯ ವಿಷಯವನ್ನು ಮೊದಲೇ ಹೇಳಿ.