ಅಣ್ಣನ ರಕ್ತದಲ್ಲಿ ಸೀಸ 19: ಹುಬ್ಬಳ್ಳಿಯ ಒಂದು ಲ್ಯಾಬ್‌ನ ಅನುಭವ

ಗೋಕುಲ ರೋಡ್ ಕಡೆಯ ಒಂದು ಲ್ಯಾಬ್‌ನಲ್ಲಿ ನಮ್ಮಣ್ಣನಿಗೆ ಸೀಸದ ಟೆಸ್ಟ್ ಮಾಡಿಸಿದೆವು. ಐದಕ್ಕೆ ಮೂರು ಸ್ಟಾರ್. ಮೂರೂ ರಕ್ತ ತೆಗೆದ ಹುಡುಗಿಗೆ.

ಅಣ್ಣನದು ಬ್ಯಾಟರಿ ರಿಪೇರಿ. ಹದಿನಾರು ವರ್ಷದಿಂದ ಹಳೇ ಬ್ಯಾಟರಿ ಬಿಚ್ಚಿ, ಪ್ಲೇಟ್ ತೆಗೆದು, ಸೀಸ ಕರಗಿಸುತ್ತಾನೆ. ವಯಸ್ಸು 41, ಬಿಪಿ 150ರ ಕೆಳಗೆ ಇಳಿಯುತ್ತಲೇ ಇರಲಿಲ್ಲ. ಉಪ್ಪು ಕಡಿಮೆ ಮಾಡಿದ, ಸಂಜೆಯ ಮಿರ್ಚಿ ಬಿಟ್ಟ, ಗುಳಿಗೆ ಬದಲಿಸಿದ್ದೂ ಆಯಿತು. ಕೊನೆಗೆ ಹೊಸ ಡಾಕ್ಟರ್ ಒಬ್ಬರು "ಕೆಲಸ ಏನ್ ಮಾಡ್ತೀರಿ?" ಅಂತ ಕೇಳಿ ಈ ಟೆಸ್ಟ್ ಬರೆದುಕೊಟ್ಟರು. ಅಷ್ಟು ವರ್ಷ ಯಾರೂ ಕೇಳಿರಲಿಲ್ಲ.

ಆ ಹುಡುಗಿ ಮೊದಲು ಮೊಣಕೈವರೆಗೆ ಸೋಪು ಹಚ್ಚಿ ತೊಳೆಸಿದಳು. ಚರ್ಮದ ಮೇಲಿನ ಧೂಳು ಸೂಜಿ ಜೊತೆ ಸೇರಿದರೂ ಲೆಕ್ಕ ತಪ್ಪುತ್ತದಂತೆ. ಲೋಹದ ಟೆಸ್ಟಿಗೆ ಅಂತ ಇರುವ ಬೇರೆ ಟ್ಯೂಬ್ ತಂದು, ಬೆರಳಿಗೆ ಚುಚ್ಚದೆ ರಕ್ತನಾಳದಿಂದಲೇ ತೆಗೆದಳು. ಇಷ್ಟು ಕಾಳಜಿ ನಾನು ಬೇರೆ ಕಡೆ ಕಂಡಿಲ್ಲ.

ಬೇಜಾರಾಗಿದ್ದು ರಿಪೋರ್ಟ್ ಬಂದಾಗ. ಒಂದು ಡೆಸಿಲೀಟರ್‌ಗೆ 19 ಮೈಕ್ರೋಗ್ರಾಂ. ಪಕ್ಕದಲ್ಲಿ 25ರವರೆಗೆ ಸರಿ ಅಂತ ಅಚ್ಚಾಗಿತ್ತು. ಕೌಂಟರ್‌ನವರು "ನಾರ್ಮಲ್ ಐತ್ರಿ, ಹೋಗ್ರಿ" ಅಂದರು. ನಾರ್ಮಲ್ ಹೇಗ್ರೀ? 5 ಇದ್ದರೇ ಸೀಸ ಎಲ್ಲಿಂದ ಬರುತ್ತಿದೆ ಅಂತ ಹುಡುಕಿ ತಡೆಯಿರಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲೇ ಹೇಳಿದೆ. 10ಕ್ಕಿಂತ ಕಡಿಮೆ ಇದ್ದ ದೊಡ್ಡವರಲ್ಲೂ ಬಿಪಿ ಏರಿದ್ದು ಅಧ್ಯಯನಗಳಲ್ಲಿ ಕಂಡಿದೆ.

ರಿಪೋರ್ಟ್ ಜೊತೆ ಒಂದು ಹಾಳೆ ಕೊಟ್ಟಿದ್ದರೆ ಸಾಕಿತ್ತು. ಡಾಕ್ಟರ್ ನಮಗೆ ಬಿಡಿಸಿ ಹೇಳಿದ್ದು ಇಷ್ಟೇ. ರಕ್ತನಾಳದ ಗೋಡೆಯಲ್ಲಿ ಸ್ನಾಯು ಇರುತ್ತದೆ, ಅದು ಬಿಗಿಯುವುದು ಕ್ಯಾಲ್ಸಿಯಂ ಸೂಚನೆಯಿಂದ. ಒಳಪದರ ನೈಟ್ರಿಕ್ ಆಕ್ಸೈಡ್ ಬಿಟ್ಟಾಗ ಸಡಿಲಾಗುತ್ತದೆ. ಸೀಸ ಎರಡೂ ಕಡೆ ಕೈ ಹಾಕುತ್ತದೆ: ಕ್ಯಾಲ್ಸಿಯಂ ವೇಷದಲ್ಲಿ ಒಳಗೆ ಹೊಕ್ಕು ಸೂಚನೆ ಕೆಡಿಸುತ್ತದೆ, ಇನ್ನೊಂದು ಕಡೆ ಉರಿ ಸ್ವಭಾವದ ಆಮ್ಲಜನಕದ ಕಣಗಳನ್ನು ಹೆಚ್ಚಿಸಿ ಇರುವ ನೈಟ್ರಿಕ್ ಆಕ್ಸೈಡನ್ನೂ ತಿನ್ನಿಸಿಬಿಡುತ್ತದೆ. ಹಾಗಾಗಿ ನಾಳ ಬೇಗ ಬಿಗಿಯುತ್ತದೆ, ಸಡಿಲಾಗಲು ಒದ್ದಾಡುತ್ತದೆ. ಅಣ್ಣನ ಬಿಪಿಗೆ ಸೀಸ ಒಂದೇ ಕಾರಣ ಅಂತ ಅವರು ಹೇಳಲಿಲ್ಲ. ಆದರೆ ಗುಳಿಗೆ ನುಂಗಿ ಮತ್ತೆ ಅದೇ ಹೊಗೆಯಲ್ಲಿ ಕೂತರೆ ಏನು ಉಪಯೋಗ, ಅಲ್ವಾ?

ಇನ್ನೊಂದು ಮಾತು. ರಕ್ತದಲ್ಲಿನ ಸೀಸ ಅರ್ಧಕ್ಕೆ ಇಳಿಯಲು ಸುಮಾರು ಒಂದು ತಿಂಗಳು ಬೇಕು, ಎಲುಬಿನಲ್ಲಿ ಸೇರಿದ್ದು ಹತ್ತಾರು ವರ್ಷ ಕೂತಿರುತ್ತದೆ. ಅಂದರೆ ಒಂದು ಸಲ ಟೆಸ್ಟ್ ಮಾಡಿಸಿ ಸುಮ್ನೆ ಇರುವ ಹಾಗಿಲ್ಲ. ಇದನ್ನೂ ಲ್ಯಾಬ್‌ನವರು ಹೇಳಲಿಲ್ಲ.

ಈಗ ಅಣ್ಣ ಸೀಸ ಕರಗಿಸುವುದನ್ನು ನಿಲ್ಲಿಸಿದ್ದಾನೆ, ಕೆಲಸದ ಬಟ್ಟೆ ಅಂಗಡಿಯಲ್ಲೇ ಬಿಟ್ಟು ಬರುತ್ತಾನೆ. ಎರಡು ತಿಂಗಳಾದ ಮೇಲೆ ಮತ್ತೆ ಅಲ್ಲಿಗೇ, ಆ ಹುಡುಗಿ ಹತ್ತಿರವೇ ಹೋಗುತ್ತೇವೆ. ಈ ಸಲ ಅವನ ಆರು ವರ್ಷದ ಮಗಳನ್ನೂ ಕರೆದುಕೊಂಡು ಹೋಗಬೇಕು. ಇಷ್ಟು ದಿನ ಅಪ್ಪ ಬಂದ ಕೂಡಲೇ ಅದೇ ಅಂಗಿಗೆ ತೆಕ್ಕೆ ಬೀಳುತ್ತಿದ್ದಳು.