ಬೋರ್ ನೀರಿಗೆ ಸಾಫ್ಟ್‌ನರ್: ಐದು ವರ್ಷ ಬಳಸಿದ ಮೇಲಿನ ಲೆಕ್ಕ

ಬೆಂಗಳೂರಿನಲ್ಲಿ ಮನೆಗೆ ಬರೀ ಕಾವೇರಿ ನೀರು ಬರುತ್ತಿದ್ದರೆ ಸಾಫ್ಟ್‌ನರ್, ಅಂದರೆ ಗಡಸು ನೀರನ್ನು ಮೆದು ಮಾಡುವ ಯಂತ್ರ, ದಂಡ. ಆ ನೀರಿನ ಗಡಸುತನ (ಕರಗಿದ ಕ್ಯಾಲ್ಸಿಯಂ, ಮೆಗ್ನೀಸಿಯಂ) ಸಾಮಾನ್ಯವಾಗಿ ಲೀಟರಿಗೆ 200 ಮಿಲಿಗ್ರಾಂ ಒಳಗೇ ಇರುತ್ತದೆ. ಕುಡಿಯುವ ನೀರಿನ ಮಾನಕ ಐಎಸ್ 10500 ಒಪ್ಪುವ ಮಟ್ಟವೂ 200. ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ಬಿಡುತ್ತದೆ. ಅಂಥ ಮನೆಗೆ ಕೆಸರು ತಡೆಯುವ ಒಂದು ಕಾರ್ಟ್ರಿಜ್ ಫಿಲ್ಟರ್ ಹಾಕಿಸಿದರೆ ಸಾಕು. ಹೊರವಲಯದ 110 ಹಳ್ಳಿಗಳ ಭಾಗದಲ್ಲಿರುವವರು ಇನ್ನೊಂದು ವಿಷಯ ನೋಡಿಕೊಳ್ಳಬೇಕು. 2024ರ ಅಕ್ಟೋಬರ್‌ನಲ್ಲಿ ಶುರುವಾದ, ದಿನಕ್ಕೆ 775 ದಶಲಕ್ಷ ಲೀಟರ್ ಸಾಮರ್ಥ್ಯದ ಕಾವೇರಿ ಐದನೇ ಹಂತ ಆ ಹಳ್ಳಿಗಳಿಗೆಂದೇ ಬಂದದ್ದು. ನಿಮ್ಮ ರಸ್ತೆಗೆ ಸಂಪರ್ಕ ಸಿಗುವುದು ಹತ್ತಿರದಲ್ಲಿದ್ದರೆ ಯಂತ್ರಕ್ಕೆ ಹಾಕುವ ದುಡ್ಡನ್ನು ಆ ಕಡೆಗೆ ಇಟ್ಟುಕೊಳ್ಳಿ.

ಈ ವಿಮರ್ಶೆ ಬೋರ್ ನೀರಿನ ಮನೆಗೆ. ಬಳಕೆಯಲ್ಲಿರುವುದು ಹೀಗೆ: ನಾಲ್ಕು ಜನ, ದಿನಕ್ಕೆ ಸುಮಾರು 600 ಲೀಟರ್, ಗಡಸುತನ 500 ಪಿಪಿಎಂ (ಲೀಟರಿಗೆ 500 ಮಿಲಿಗ್ರಾಂ). 13 ಇಂಚು ವ್ಯಾಸ, 54 ಇಂಚು ಎತ್ತರದ ಎಫ್‌ಆರ್‌ಪಿ (ನಾರು ಸೇರಿಸಿದ ಪ್ಲಾಸ್ಟಿಕ್) ವೆಸೆಲ್, ಅದರಲ್ಲಿ 50 ಲೀಟರ್ ರೆಸಿನ್ (ಗಡಸುತನ ಹಿಡಿಯುವ ಸಣ್ಣ ಕಾಳುಗಳು), ಲೀಟರ್ ಎಣಿಸುವ ಆಟೋಮ್ಯಾಟಿಕ್ ವಾಲ್ವ್, 100 ಲೀಟರಿನ ಉಪ್ಪಿನ ಟ್ಯಾಂಕ್. ಅದಕ್ಕೂ ಮುಂಚೆ 20 ಇಂಚಿನ ಜಂಬೋ ಹೌಸಿಂಗ್‌ನಲ್ಲಿ 20 ಮೈಕ್ರಾನ್ ಕಾರ್ಟ್ರಿಜ್. ಎಲ್ಲವೂ ಓವರ್‌ಹೆಡ್ ಟ್ಯಾಂಕಿನ ಔಟ್‌ಲೆಟ್‌ನಲ್ಲಿ, ಪ್ರೆಶರ್ ಪಂಪಿನ ನಂತರ.

ಕೊಳ್ಳುವಾಗ ಬ್ರ್ಯಾಂಡಿಗಿಂತ ಮೊದಲು ಕೇಳಬೇಕಾದ್ದು ಒಳಗೆ ಎಷ್ಟು ಲೀಟರ್ ರೆಸಿನ್ ಎಂದು. ಅಂಗಡಿಯವರು ಹೇಳುವ ಲೀಟರ್ ಹಲವು ಸಲ ವೆಸೆಲ್ಲಿನದು. 13-54 ವೆಸೆಲ್ 100 ಲೀಟರ್ ಹಿಡಿಯುತ್ತದೆ, ಹಾಗಂತ ಅಷ್ಟೂ ರೆಸಿನ್ ತುಂಬುವಂತಿಲ್ಲ. ಕೆಳಗಿನಿಂದ ಮೇಲಕ್ಕೆ ನೀರು ಹಾಯಿಸಿ ತೊಳೆಯುವ ಬ್ಯಾಕ್‌ವಾಶ್‌ನಲ್ಲಿ ರೆಸಿನ್ ಉಬ್ಬಿ ಮೇಲೇಳಲು ಅದರ ಅರ್ಧದಷ್ಟಾದರೂ ಜಾಗ ಖಾಲಿ ಇರಬೇಕು. ರೆಸಿನ್ ಬರುವುದು 25 ಲೀಟರಿನ ಮೂಟೆಯಲ್ಲಿ. ಮೂಟೆಯನ್ನು ನಿಮ್ಮ ಕಣ್ಣೆದುರೇ ಬಿಚ್ಚಿ ಸುರಿಯಲಿ. ಇದೊಂದು ಷರತ್ತಿಗೆ ಕೆಲವರು ಕೊಟೇಶನ್ನನ್ನೇ ಬದಲಾಯಿಸುತ್ತಾರೆ.

ಲೆಕ್ಕ ಕಷ್ಟವಲ್ಲ. ಒಂದು ಲೀಟರ್ ರೆಸಿನ್ ಒಂದು ಸುತ್ತಿನಲ್ಲಿ ಸುಮಾರು 50 ಗ್ರಾಂ ಗಡಸುತನ ಹಿಡಿಯುತ್ತದೆ ಎಂದು ಇಟ್ಟುಕೊಳ್ಳಿ. ಕಾಗದದ ಮೇಲೆ ಇದರ ಎರಡರಷ್ಟು ಬರೆದಿರುತ್ತಾರೆ, ಅದನ್ನು ನಂಬಿ ಕೂರುವಂತಿಲ್ಲ. 50 ಲೀಟರಿಗೆ 2,500 ಗ್ರಾಂ. ನೀರಿನ ಪ್ರತಿ ಲೀಟರಿನಲ್ಲಿ ಅರ್ಧ ಗ್ರಾಂ ಇದೆ, ಹಾಗಾಗಿ 5,000 ಲೀಟರ್ ಮೆದು ನೀರು. ಒಂದು ದಿನದ ಬಳಕೆಯನ್ನು ಕೈಯಲ್ಲಿಟ್ಟುಕೊಂಡು ವಾಲ್ವಿನಲ್ಲಿ 4,400 ಲೀಟರ್ ಸೆಟ್ ಮಾಡಿದರೆ ವಾರಕ್ಕೊಂದು ರೀಜನರೇಶನ್, ಅಂದರೆ ಉಪ್ಪು ನೀರು ಹಾಯಿಸಿ ರೆಸಿನ್ನನ್ನು ಮತ್ತೆ ಕೆಲಸಕ್ಕೆ ಅಣಿ ಮಾಡುವುದು. 25 ಲೀಟರ್ ರೆಸಿನ್ ಕೊಂಡಿದ್ದರೆ ಇದು ಮೂರು ದಿನಕ್ಕೊಮ್ಮೆ ಆಗುತ್ತಿತ್ತು.

ಉಪ್ಪು ಒಂದು ಸಲಕ್ಕೆ 6.5 ಕೆಜಿ, ಅಂದರೆ ಲೀಟರ್ ರೆಸಿನ್‌ಗೆ 130 ಗ್ರಾಂ. ತಿಂಗಳಿಗೆ 26ರಿಂದ 28 ಕೆಜಿ. ಇನ್ನೂ ಸುರಿದರೆ ಇನ್ನೂ ಮೆದುವಾಗುತ್ತದೆ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಲೀಟರಿಗೆ ಸುಮಾರು 100 ಗ್ರಾಂ ಉಪ್ಪು ಹಾಕಿದಾಗ ಸಿಗುವ ಸಾಮರ್ಥ್ಯ 45 ಗ್ರಾಂ ಆಸುಪಾಸು. 240 ಗ್ರಾಂ ಸುರಿದರೂ 70 ದಾಟುವುದಿಲ್ಲ. ಉಪ್ಪು ಹತ್ತಿರ ಹತ್ತಿರ ಎರಡೂವರೆ ಪಟ್ಟು, ಕೆಲಸ ಒಂದೂವರೆ ಪಟ್ಟು. ಅಳವಡಿಸುವ ಹುಡುಗರು ದೂರು ಬಾರದಿರಲಿ ಎಂದು ಹೆಚ್ಚಿನ ಸೆಟ್ಟಿಂಗಿನಲ್ಲೇ ಬಿಟ್ಟು ಹೋಗುತ್ತಾರೆ. ಅದನ್ನು ಇಳಿಸಿಕೊಳ್ಳುವುದು ನಿಮ್ಮ ಕೆಲಸ.

ಇನ್ನು ಜಾಗ. ಬೆಂಗಳೂರಿನ ಮನೆಗಳಲ್ಲಿ ಸಾಫ್ಟ್‌ನರ್ ಗೆಲ್ಲುವುದೂ ಸೋಲುವುದೂ ಇಲ್ಲೇ. ಈ ಆಟೋಮ್ಯಾಟಿಕ್ ವಾಲ್ವ್‌ಗಳು ಹುಟ್ಟಿದ್ದು ನಲ್ಲಿಯಲ್ಲಿ ಇಪ್ಪತ್ತನಾಲ್ಕು ಗಂಟೆ ಒತ್ತಡದ ನೀರಿರುವ ಊರುಗಳಿಗೆ. ನಮ್ಮಲ್ಲಿ ಸಂಪ್, ಮೋಟರ್, ಮೇಲೆ ಟ್ಯಾಂಕ್, ಅಲ್ಲಿಂದ ಇಳಿಜಾರು. ಪ್ಲಂಬರಿಗೆ ಸುಲಭವಾದ ಜಾಗ ಸಂಪಿನಿಂದ ಟ್ಯಾಂಕಿಗೆ ಏರುವ ಪೈಪು. ಅಲ್ಲಿ ಆಟೋಮ್ಯಾಟಿಕ್ ವಾಲ್ವ್ ಹಾಕಿದರೆ ಏನಾಗುತ್ತದೆ ನೋಡಿ: ರಾತ್ರಿ ಎರಡು ಗಂಟೆಗೆ ವಾಲ್ವ್ ತಾನಾಗಿ ರೀಜನರೇಶನ್ ಶುರು ಮಾಡುತ್ತದೆ, ಮೋಟರ್ ಆಫ್ ಇರುತ್ತದೆ, ಪೈಪಿನಲ್ಲಿ ಒತ್ತಡವಿಲ್ಲ. ವಾಲ್ವ್ ಒಂದೊಂದೇ ಹಂತ ತಿರುಗಿಸಿ ಮುಗಿಸುತ್ತದೆ, ಉಪ್ಪು ನೀರು ಒಂದು ಹನಿಯೂ ರೆಸಿನ್ನಿಗೆ ತಲುಪಿರುವುದಿಲ್ಲ. ಡಿಸ್‌ಪ್ಲೇ ಮಾತ್ರ ಎಲ್ಲ ಸರಿಯಿದೆ ಎನ್ನುತ್ತದೆ. ‘ಮೆಷಿನ್ ಇದೆ, ಬಕೆಟ್ಟಿನಲ್ಲಿ ಬಿಳಿ ಪೊರೆ ಹೋಗಲಿಲ್ಲ’ ಎನ್ನುವ ದೂರುಗಳಲ್ಲಿ ಹೆಚ್ಚಿನವು ಇದೇ.

ಆ ಪೈಪಿನಲ್ಲೇ ಹಾಕಬೇಕಾದರೆ ಕೈಯಿಂದ ತಿರುಗಿಸುವ ಮಲ್ಟಿಪೋರ್ಟ್ ವಾಲ್ವ್ ತೆಗೆದುಕೊಳ್ಳಿ. ವಾರಕ್ಕೊಮ್ಮೆ ಭಾನುವಾರ ಬೆಳಿಗ್ಗೆ ಮೋಟರ್ ಹಾಕಿ, ಬ್ಯಾಕ್‌ವಾಶ್ 10 ನಿಮಿಷ, ಉಪ್ಪು ನೀರು ಎಳೆಯುವುದು ಮತ್ತು ನಿಧಾನ ತೊಳೆತ ಸೇರಿ ಸುಮಾರು ಒಂದು ಗಂಟೆ, ಕೊನೆಗೆ ಜೋರು ತೊಳೆತ 10 ನಿಮಿಷ. ಕೆಡುವ ಭಾಗಗಳೂ ಕಮ್ಮಿ. ಮನೆಯಲ್ಲಿ ಈ ಕೆಲಸಕ್ಕೆ ತಪ್ಪದೆ ನಿಲ್ಲುವವರು ಒಬ್ಬರಿದ್ದರೆ ಆಟೋಮ್ಯಾಟಿಕ್ಕಿಗಿಂತ ಇದೇ ಮೇಲು.

ಈ ಜಾಗದ ಇನ್ನೊಂದು ತೊಡಕು ಹರಿವು. ಟ್ಯಾಂಕಿನ ಬಾಯಿಯಲ್ಲಿ 20 ಲೀಟರಿನ ಬಕೆಟ್ ಹಿಡಿದು ಎಷ್ಟು ಸೆಕೆಂಡಿಗೆ ತುಂಬುತ್ತದೆ ನೋಡಿ. 30 ಸೆಕೆಂಡ್ ಆದರೆ ಗಂಟೆಗೆ 2,400 ಲೀಟರ್. ರೆಸಿನ್ ತನ್ನ ಗಾತ್ರದ 40 ಪಟ್ಟಿಗಿಂತ ಹೆಚ್ಚನ್ನು ಗಂಟೆಗೆ ಸರಿಯಾಗಿ ಮೆದು ಮಾಡಲಾರದು. 25 ಲೀಟರ್ ರೆಸಿನ್ನಿಗೆ 1,000 ಲೀಟರ್ ಮಿತಿ. ಮಿಕ್ಕದ್ದು ಗಡಸಾಗಿಯೇ ಮೇಲೇರುತ್ತದೆ. ಆಗ ಮೋಟರಿನ ಮುಂದಿನ ವಾಲ್ವನ್ನು ಅರ್ಧ ಮುಚ್ಚುವುದು ಪ್ಲಂಬರ್‌ಗಳ ಮಾಮೂಲಿ ಮದ್ದು. ಮನೆಗಳಲ್ಲಿರುವ ಸಣ್ಣ ಸೆಲ್ಫ್ ಪ್ರೈಮಿಂಗ್ ಮೋಟರ್‌ಗಳಲ್ಲಿ ಹಲವು ರೀಜನರೇಟಿವ್ ಜಾತಿಯವು (ರೆಸಿನ್ನಿನ ರೀಜನರೇಶನ್ನಿಗೂ ಈ ಹೆಸರಿಗೂ ಸಂಬಂಧವಿಲ್ಲ). ಹರಿವು ತಗ್ಗಿಸಿದಷ್ಟೂ ಅವು ಹೆಚ್ಚು ಕರೆಂಟ್ ಎಳೆದು ಬಿಸಿಯಾಗುತ್ತವೆ. ಮುಚ್ಚುವ ಬದಲು ಒಂದು ಟೀ ಹಾಕಿ ಹೆಚ್ಚಿನ ನೀರನ್ನು ಸಂಪಿಗೇ ವಾಪಸ್ ಬಿಡಿ.

ಬೋರಿನ ಸಬ್‌ಮರ್ಸಿಬಲ್ ಮೋಟರಿಗೆ ನೇರವಾಗಿ ಕೂರಿಸುವುದಂತೂ ಬೇಡ. ಮೋಟರ್ ನಿಂತೊಡನೆ ಪೈಪಿನ ನೀರೆಲ್ಲ ಕೆಳಗೆ ಜಾರಿ ವೆಸೆಲ್ಲನ್ನು ಒಳಗಿನಿಂದ ಹೀರುತ್ತದೆ. ಎಫ್‌ಆರ್‌ಪಿ ಹೊರನೂಕುವ ಒತ್ತಡ ತಡೆಯಲು ಮಾಡಿದ್ದು, ಹೀರಿಕೆಗಲ್ಲ. ಒಳಗಿನ ಪದರ ಕಳಚಿಕೊಳ್ಳುತ್ತದೆ. ನೀರು ಮೊದಲು ಸಂಪಿಗೆ ಬೀಳಲಿ, ಮರಳೂ ಅಲ್ಲೇ ತಳಕ್ಕೆ ಕೂರಲಿ.

ಮೂರನೆಯದು ಟ್ಯಾಂಕಿನ ಔಟ್‌ಲೆಟ್. 10 ಮೀಟರ್ ಎತ್ತರಕ್ಕೆ ಒಂದು ಬಾರ್ ಒತ್ತಡ. ಮೇಲಿನ ಮಹಡಿಯ ಶವರಿಗೂ ಟ್ಯಾಂಕಿಗೂ ಮೂರು ಮೀಟರ್ ಅಂತರವಿದ್ದರೆ ಸಿಗುವುದು 0.3 ಬಾರ್, ಸಾಫ್ಟ್‌ನರ್ ದಾಟುವಷ್ಟರಲ್ಲಿ ಅದೂ ಮುಗಿದಿರುತ್ತದೆ. ಹಾಗಾಗಿ ಪ್ರೆಶರ್ ಪಂಪ್ ಬೇಕೇ ಬೇಕು. 2 ಬಾರ್ ಕೊಡುವ, ನೀರಿಲ್ಲದಾಗ ತಾನೇ ನಿಲ್ಲುವ ಪಂಪ್ ನೋಡಿ. ಹಳೇ ಜಿಐ ಪೈಪಿನ ಮನೆಯಾದರೆ ಮೊದಲು ಒತ್ತಡ ಕೊಟ್ಟು ಸೋರಿಕೆ ಪರೀಕ್ಷೆ ಮಾಡಿಸಿ. ಹೀಗಿದ್ದರೆ ಮಾತ್ರ ಆಟೋಮ್ಯಾಟಿಕ್ ವಾಲ್ವ್ ತಾನು ಮಾಡಬೇಕಾದ್ದನ್ನು ಮಾಡುತ್ತದೆ. ಕರೆಂಟ್ ಹೋದಾಗ ಮನೆ ಒಣಗದಿರಲು ಪಂಪ್ ಮತ್ತು ಸಾಫ್ಟ್‌ನರ್ ಎರಡನ್ನೂ ದಾಟಿಸುವ ಬೈಪಾಸ್, ಮೂರು ಬಾಲ್ ವಾಲ್ವ್‌ಗಳೊಂದಿಗೆ. ಯೂನಿಯನ್ ಜಾಯಿಂಟ್ ಮರೆಯಬೇಡಿ. ಇಲ್ಲದಿದ್ದರೆ ಮೊದಲ ಸರ್ವಿಸಿಗೇ ಪೈಪ್ ಕತ್ತರಿಸಬೇಕು.

ಸಿಹಿನೀರಿಗೊಂದು, ಉಪ್ಪುನೀರಿಗೊಂದು (ಅಂದರೆ ಬೋರ್ ನೀರಿಗೊಂದು) ಎಂದು ಎರಡು ಟ್ಯಾಂಕ್ ಇರುವ ಮನೆಗಳು ಅದೃಷ್ಟವಂತರದು. ಉಪ್ಪುನೀರಿನ ಲೈನಿಗೆ ಮಾತ್ರ ಸಾಫ್ಟ್‌ನರ್, ಅಡುಗೆಮನೆಗೆ ಕಾವೇರಿ. ಒಂದೇ ಲೈನ್ ಇದ್ದರೆ ಅಡುಗೆಮನೆಗೂ ತುಳಸಿ ಕಟ್ಟೆಯ ನಲ್ಲಿಗೂ ಸಾಫ್ಟ್‌ನರ್‌ಗಿಂತ ಮುಂಚಿನ ಪೈಪಿನಿಂದ ಒಂದು ಟ್ಯಾಪಿಂಗ್ ತೆಗೆಯಿರಿ. ಕಾರಣ ಸೋಡಿಯಂ. ತೆಗೆದ ಪ್ರತಿ 100 ಮಿಲಿಗ್ರಾಂ ಗಡಸುತನಕ್ಕೆ 46 ಮಿಲಿಗ್ರಾಂ ಸೋಡಿಯಂ ನೀರಿಗೆ ಸೇರುತ್ತದೆ. 500ರ ನೀರಿಗೆ 230. ಬಿಪಿಗೆ ಉಪ್ಪು ಬಿಟ್ಟವರು ಈ ನೀರನ್ನು ಹಾಗೇ ಕುಡಿಯುವುದು ಬೇಡ. ಆರ್‌ಒ ಮೂಲಕ ಹೋದರೆ ಸೋಡಿಯಂ ಬಹುಪಾಲು ಇಳಿಯುತ್ತದೆ, ಪೊರೆ ಕಟ್ಟದ ಕಾರಣ ಮೆಂಬ್ರೇನಿಗೂ ಆಯಸ್ಸು. ಬೇಳೆ ಬೇಗ ಬೇಯುವುದು ಮೆದು ನೀರಿನ ನಿಜವಾದ ಸುಖ, ಕ್ಯಾಲ್ಸಿಯಂ ಇಲ್ಲದಿದ್ದರೆ ಸಿಪ್ಪೆ ಬಿಗಿಯುವುದಿಲ್ಲ. ಆದರೂ ಆ ಸುಖವನ್ನು ಆರ್‌ಒ ನೀರಿನಿಂದಲೇ ಪಡೆಯಿರಿ.

ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಲವಣ) ಮೀಟರ್ ಹಿಡಿದು ಸಾಫ್ಟ್‌ನರ್ ಅಳೆಯಬೇಡಿ. ಕ್ಯಾಲ್ಸಿಯಂ ಜಾಗಕ್ಕೆ ಸೋಡಿಯಂ ಬರುತ್ತದೆ ಅಷ್ಟೆ. ಟಿಡಿಎಸ್ ಇಳಿಯುವುದಿಲ್ಲ, ತುಸು ಏರಲೂಬಹುದು. ಎರಡು ಕಡ್ಡಿ ಅದ್ದಿ ನೀರನ್ನು ಕಂದು ಬಣ್ಣ ಮಾಡಿ ತೋರಿಸುವುದೂ ಪರೀಕ್ಷೆಯಲ್ಲ, ಆ ಬಣ್ಣ ಕಬ್ಬಿಣದ ಕಡ್ಡಿಯದೇ. ಬೇಕಾದ್ದು ಹನಿ ಎಣಿಸುವ ಗಡಸುತನದ ಕಿಟ್: ಕೆಂಪು ನೀರು ನೀಲಿಗೆ ತಿರುಗುವವರೆಗೆ ಎಷ್ಟು ಹನಿ ಬಿತ್ತು ಎಂಬುದೇ ಲೆಕ್ಕ. ರೀಜನರೇಶನ್‌ನ ಹಿಂದಿನ ದಿನ ನೋಡಬೇಕು, ಮರುದಿನ ನೋಡಿದರೆ ಎಲ್ಲ ಯಂತ್ರವೂ ಪಾಸು. ಟ್ಯಾಂಕರ್ ನೀರು ಹಾಕಿಸುವವರಿಗೆ ಇದು ಇನ್ನೂ ಮುಖ್ಯ, ಲೋಡಿನಿಂದ ಲೋಡಿಗೆ ಗಡಸುತನ ಬೇರೆ. ಆಯಸ್ಕಾಂತ, ತಂತಿ ಸುತ್ತಿದ ಎಲೆಕ್ಟ್ರಾನಿಕ್ ಡಬ್ಬಿ ಇವೆಲ್ಲ ಉಪ್ಪಿಲ್ಲದ ಸಾಫ್ಟ್‌ನರ್ ಹೆಸರಲ್ಲಿ ಬರುತ್ತವೆ. ಅದೇ ಕಿಟ್ಟಿನಲ್ಲಿ ಹಿಂದೆ ಮುಂದೆ ಅಳೆದರೆ ಹನಿಯ ಎಣಿಕೆ ಬದಲಾಗುವುದಿಲ್ಲ.

ಐದು ವರ್ಷದಲ್ಲಿ ತೊಂದರೆ ಕೊಟ್ಟದ್ದು ಹೆಚ್ಚಾಗಿ ಉಪ್ಪಿನ ಕಡೆಯದು. ಮಳೆಗಾಲದ ತೇವಕ್ಕೆ ಟ್ಯಾಂಕಿನೊಳಗೆ ಉಪ್ಪು ಗಟ್ಟಿಯಾಗಿ ಕಮಾನು ಕಟ್ಟುತ್ತದೆ. ಮೇಲಿಂದ ತುಂಬಿದಂತೆ ಕಾಣುತ್ತದೆ, ಕೆಳಗೆ ನೀರು ಉಪ್ಪನ್ನೇ ಮುಟ್ಟಿರುವುದಿಲ್ಲ. ತಿಂಗಳಿಗೊಮ್ಮೆ ಮರದ ಕೋಲಿನಿಂದ ತಿವಿಯಿರಿ, ಟ್ಯಾಂಕನ್ನು ಅರ್ಧಕ್ಕಿಂತ ಮೇಲೆ ತುಂಬಬೇಡಿ. 25 ಕೆಜಿ ಚೀಲದ ಉಪ್ಪಿನ ಮಾತ್ರೆಗಳೇ ಒಳ್ಳೆಯವು. ಕಲ್ಲುಪ್ಪು ಅಗ್ಗ, ಅದರ ಮಣ್ಣು ಉಪ್ಪು ನೀರನ್ನು ಎಳೆಯುವ ಇಂಜೆಕ್ಟರಿನ ಸೂಜಿಯಷ್ಟು ಸಣ್ಣ ತೂತಿಗೆ ಹೋಗಿ ಕೂರುತ್ತದೆ. ಅಡುಗೆಯ ಪುಡಿ ಉಪ್ಪು ಕೆಸರಾಗುತ್ತದೆ.

ಇಂಜೆಕ್ಟರ್ ಕಟ್ಟಿಕೊಂಡರೆ ಗುರುತು ಸರಳ: ರೀಜನರೇಶನ್ ಮುಗಿದರೂ ಉಪ್ಪಿನ ಟ್ಯಾಂಕಿನ ನೀರು ಇಳಿದಿರುವುದಿಲ್ಲ. ಬೈಪಾಸಿಗೆ ಹಾಕಿ ಒತ್ತಡ ಬಿಟ್ಟು ಬಿಚ್ಚಿ, ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆಯಿರಿ. ಸೂಜಿ ತೂರಿಸಿದರೆ ತೂತು ದೊಡ್ಡದಾಗಿ ಹೀರಿಕೆ ಹೋಗುತ್ತದೆ. ನೀರು ಇಳಿಯುವ ಬದಲು ಟ್ಯಾಂಕ್ ತುಂಬಿ ಚೆಲ್ಲುತ್ತಿದ್ದರೆ ಫ್ಲೋಟ್ ಅಥವಾ ಡ್ರೈನ್ ಪೈಪು ನೋಡಿ. ನಲ್ಲಿಯ ಜಾಲರಿಯಲ್ಲಿ ಸಾಸಿವೆಗಿಂತ ಸಣ್ಣ, ಜೇನಿನ ಬಣ್ಣದ ಕಾಳು ಸಿಕ್ಕಿದರೆ ತಳದ ಸ್ಟ್ರೈನರ್ ಒಡೆದಿದೆ; ಆಗ ತಡಮಾಡದೆ ಬೈಪಾಸ್ ಮಾಡಿ, ಆ ಕಾಳು ವಾಷಿಂಗ್ ಮಷೀನಿನ ವಾಲ್ವಿಗೆ ಹೋದರೆ ಇನ್ನೊಂದು ಖರ್ಚು.

ನೀರಿನಲ್ಲಿ ಕಬ್ಬಿಣವಿದ್ದರೆ ರೆಸಿನ್ ಮೇಲೆ ತುಕ್ಕು ಹತ್ತಿ ಸಾಮರ್ಥ್ಯ ಇಳಿಯುತ್ತದೆ. ಹೊರಗೆ ಬಂದಾಗ ತಿಳಿಯಾಗಿದ್ದು, ಬಕೆಟ್ಟಿನಲ್ಲಿ ಇಟ್ಟ ಮೇಲೆ ಕಂದಾಗುವ ನೀರು ಅಂಥದ್ದು. ಅದಕ್ಕೆ ಮೊದಲು ಕಬ್ಬಿಣ ತೆಗೆಯುವ ಫಿಲ್ಟರ್ ಬೇಕು. ಕಾರ್ಬನ್ ಫಿಲ್ಟರ್ ವಿಷಯದಲ್ಲಿ ಮಾತ್ರ ಯೋಚಿಸಿ. ಕ್ಲೋರಿನ್ ಇರುವ ಕಾವೇರಿ ನೀರನ್ನು ಟ್ಯಾಂಕಿಗೆ ಏರುವ ಮುಂಚೆಯೇ ಕಾರ್ಬನ್ನಿನಲ್ಲಿ ಹಾಯಿಸಿದರೆ ಟ್ಯಾಂಕಿನಲ್ಲಿ ಕಾವಲಿಗೆ ಏನೂ ಉಳಿಯುವುದಿಲ್ಲ, ಗೋಡೆ ಲೋಳೆ ಕಟ್ಟುತ್ತದೆ. ನೈಟ್ರೇಟ್, ಫ್ಲೋರೈಡ್, ರೋಗಾಣು ಇವನ್ನು ಸಾಫ್ಟ್‌ನರ್ ತೆಗೆಯುವುದೇ ಇಲ್ಲ.

ಟೆರೇಸಿನಲ್ಲಿಟ್ಟರೆ ವೆಸೆಲ್ಲಿಗೆ ನೆರಳು ಕೊಡಿ, ವಾಲ್ವಿನ ಅಡಾಪ್ಟರನ್ನು ಯುಪಿಎಸ್ ಲೈನಿಗೆ ಹಾಕಿ. ಸೋಲಾರ್, ಗೀಸರ್ ಎರಡೂ ಪೊರೆಯಿಲ್ಲದೆ ಬಾಳುತ್ತವೆ, ಆದರೆ ಗೀಸರಿನ ಮೆಗ್ನೀಸಿಯಂ ಆನೋಡ್ ಬೇಗ ಸವೆಯುತ್ತದೆ, ವರ್ಷಕ್ಕೊಮ್ಮೆ ತೆಗೆಸಿ ನೋಡಬೇಕು. ಎಎಂಸಿ (ವಾರ್ಷಿಕ ನಿರ್ವಹಣೆ ಒಪ್ಪಂದ) ಬರೆಯುವಾಗ ರೆಸಿನ್, ಇಂಜೆಕ್ಟರ್, ಮೋಟರ್ ಅದರಲ್ಲಿ ಬರುತ್ತವೆಯೇ ಎಂದು ಹೆಸರಿಸಿ ಬರೆಸಿಕೊಳ್ಳಿ. ಬರದಿದ್ದರೆ ಎಎಂಸಿ ಬೇಡ, ಕರೆದಾಗ ಬರುವ ಮೆಕ್ಯಾನಿಕ್ಕೇ ಸಾಕು.

ಒಂದು ರೀಜನರೇಶನ್ನಿಗೆ ಸುಮಾರು 400 ಲೀಟರ್ ನೀರು ಚರಂಡಿಗೆ. ತಿಂಗಳಿಗೆ 1,600 ಲೀಟರ್, ಬಳಕೆಯ ಶೇ. 9. ಈ ಉಪ್ಪು ನೀರು ಗಿಡಕ್ಕೂ ಬೇಡ, ಮಳೆನೀರಿನ ಇಂಗುಗುಂಡಿಗಂತೂ ಬೇಡವೇ ಬೇಡ, ಅದು ತಿರುಗಿ ನಿಮ್ಮದೇ ಬೋರಿಗೆ ಇಳಿಯುತ್ತದೆ. ಯುಜಿಡಿಗೆ (ಒಳಚರಂಡಿಗೆ) ಬಿಡಿ, ಪೈಪಿನ ತುದಿಗೂ ಚರಂಡಿಗೂ ನಡುವೆ ಗೇಣು ಅಂತರವಿರಲಿ. ಉಪ್ಪಿನ ಖರ್ಚು ಇಳಿಸುವ ದೊಡ್ಡ ದಾರಿ ಮಳೆ. 1,200 ಚದರಡಿ ಚಾವಣಿಗೆ ಬೆಂಗಳೂರಿನ ಮಳೆಯಲ್ಲಿ ವರ್ಷಕ್ಕೆ ಹತ್ತಿರ ಹತ್ತಿರ ಒಂದು ಲಕ್ಷ ಲೀಟರ್ ಬೀಳುತ್ತದೆ, ಅದರಲ್ಲಿ ಗಡಸುತನ ಇಲ್ಲವೆನ್ನುವಷ್ಟು. ಸೋಸಿ ಸಂಪಿಗೆ ಬಿಟ್ಟ ತಿಂಗಳುಗಳಲ್ಲಿ ವಾಲ್ವಿನ ಲೀಟರ್ ಸೆಟ್ಟಿಂಗ್ ಏರಿಸಿ, ಆದರೆ ಎರಡು ವಾರ ದಾಟಿಸಬೇಡಿ. ನಿಂತ ರೆಸಿನ್ ವಾಸನೆ ಹಿಡಿಯುತ್ತದೆ. ಹತ್ತು ದಿನಕ್ಕಿಂತ ಹೆಚ್ಚು ಊರಿಗೆ ಹೋಗಿ ಬಂದರೂ ಅಷ್ಟೆ, ಸ್ನಾನಕ್ಕೆ ಮುಂಚೆ ಕೈಯಾರೆ ಒಂದು ರೀಜನರೇಶನ್ ಒತ್ತಿಬಿಡಿ.